ನಾನು ಇಳಿಸಬೇಕಾಗಿದ್ದ ಹತ್ತು ಕೆಜಿ

ಬೇರೆಯವರ ತೂಕ ಹೇಳುವುದು ಸುಲಭ, ನಮ್ಮ ತೂಕ ಒಪ್ಪಿಕೊಳ್ಳುವುದು ಕಷ್ಟ. ಇದನ್ನು ನಾನು ಯಾವ ಪ್ರವಚನದಲ್ಲೂ ಕೇಳಿದ್ದಲ್ಲ, ಜಿಗಣಿ ಇಂಡಸ್ಟ್ರಿಯಲ್ ಏರಿಯಾದ ಒಂದು ವೇ ಬ್ರಿಡ್ಜಿನಲ್ಲಿ ಹತ್ತೊಂಬತ್ತು ವರ್ಷ ಕೂತು ಕಲಿತದ್ದು. ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ನಾನು ಕಿಟಕಿಯ ಒಳಗಿಂದ ಬಟನ್ ಒತ್ತುತ್ತೇನೆ, ಚೀಟಿ ಬರುತ್ತದೆ. ಲೋಡಿನ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ಮಾಲಿನ ತೂಕ. ಅಷ್ಟೇ ಕೆಲಸ. ಆದರೆ ಅಷ್ಟರಲ್ಲೇ ಎಷ್ಟು ಕಳ್ಳಾಟ ಅಂತೀರಿ! ಲೋಡ್ ತೂಗುವಾಗ ಡ್ರೈವರ್ರು, ಕ್ಲೀನರ್ರು ಇಬ್ಬರೂ ಸೀಟಿಗೆ ಅಂಟಿಕೊಂಡು ಕೂತಿರುತ್ತಾರೆ. ಅದೇ ಖಾಲಿ ಲಾರಿ ತೂಗುವಾಗ ಇಬ್ಬರಿಗೂ ಒಟ್ಟಿಗೇ ಟೀ ಕುಡಿಯುವ ಆಸೆಯಾಗುತ್ತದೆ. ಒಬ್ಬ ಮಹಾನುಭಾವ ಡ್ರಮ್ಮಿನ ತುಂಬ ನೀರು ತುಂಬಿಕೊಂಡು ಬಂದು ತೂಗಿಸಿ, ವಾಪಸ್ ಬರುವಾಗ ಅದನ್ನು ಚರಂಡಿಗೆ ಬಿಟ್ಟು ಬಂದಿದ್ದ. "ಅಣ್ಣಾ, ಇಳೀರಿ ಕೆಳಗೆ! ತೂಕದಲ್ಲಿ ಮೋಸ ಮಾಡಬೇಡಿ!" ಎಂದು ದಿನಕ್ಕೆ ಇಪ್ಪತ್ತು ಸಲ ಕಿರುಚುವವನು ನಾನು. ಮುಂದಿನದನ್ನು ಓದುವಾಗ ಈ ಕಿರುಚಾಟ ಸ್ವಲ್ಪ ನೆನಪಿರಲಿ.

ಹೋದ ವರ್ಷ ನಮ್ಮಕ್ಕನ ಎರಡೂ ಕಿಡ್ನಿ ಕೈಕೊಟ್ಟವು. ಅಕ್ಕ ಅಂದರೆ ಬರೀ ಅಕ್ಕ ಅಲ್ಲ, ಅಮ್ಮ ಬೇಗ ಹೋದಮೇಲೆ ನನಗೆ ತಲೆ ಬಾಚಿ, ಮೂಗು ಒರೆಸಿ ದೊಡ್ಡವನನ್ನು ಮಾಡಿದವಳು. ಭಾವ ಇಲ್ಲ, ಮಕ್ಕಳಿಲ್ಲ. ಹೆಬ್ಬಗೋಡಿಯಲ್ಲಿ ನಾನೂ ನನ್ನ ಹೆಂಡತಿಯೂ ಮಹಡಿಯಲ್ಲಿ, ಅವಳು ಕೆಳಗಿನ ಮನೆಯಲ್ಲಿ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾಯಿತು. ನಾನು ಎದೆಯುಬ್ಬಿಸಿಕೊಂಡು ಹೋಗಿ "ನಂದು ತಗೊಳ್ಳಿ ಡಾಕ್ಟ್ರೇ" ಅಂದೆ. ರಕ್ತ ಹೊಂದಿತು, ಹೊಂದಬೇಕಾದದ್ದೆಲ್ಲ ಹೊಂದಿತು. ಹೊಂದದೇ ಹೋದದ್ದು ನನ್ನ ಹೊಟ್ಟೆ. ಡಾಕ್ಟರು ಅದನ್ನೇ ನೋಡುತ್ತಾ, "ಮುನಿರಾಜು ಅವರೇ, ಇಷ್ಟು ದಪ್ಪ ಇದ್ರೆ ಆಪರೇಷನ್ ನಿಮಗೇ ಅಪಾಯ. ಹತ್ತು ಕೆಜಿ ಇಳಿಸ್ಕೊಂಡು ಬನ್ನಿ. ಒಬ್ಬರೇ ಮಾಡೋಕಾಗಲ್ಲ, ಒಂದು ಪ್ರೋಗ್ರಾಂ ಸೇರಿಕೊಳ್ಳಿ" ಎಂದು ಚೀಟಿಯಲ್ಲಿ ಏನೋ ಬರೆದುಕೊಟ್ಟರು. ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಅದು ಎಂಟು ತಿಂಗಳು ಅಲ್ಲೇ ಇತ್ತು.

ಆ ಎಂಟು ತಿಂಗಳು ನಾನು ಸುಮ್ಮನೆ ಕೂತಿರಲಿಲ್ಲ, ಪ್ರೋಗ್ರಾಂ ಆರಿಸುತ್ತಿದ್ದೆ. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಕೂಲಂಕಷವಾಗಿ ವಿಚಾರಿಸುವುದಿಲ್ಲ. ಮೊದಲು ಹೋದದ್ದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿನ ಒಂದು ಕ್ಲಬ್ಬಿಗೆ. ಅಲ್ಲಿ ಬೆಳಿಗ್ಗೆ ಆರಕ್ಕೆ ಯಾವುದೋ ಪುಡಿಯನ್ನು ನೀರಿಗೆ ಕದಡಿ ಕೊಡುತ್ತಾರೆ, ಕುಡಿದು ಎಲ್ಲರೂ ಚಪ್ಪಾಳೆ ತಟ್ಟಬೇಕು. ಯಾಕೆ ಅಂತ ಕೇಳಬಾರದು. ಮೊದಲ ದಿನವೇ ತೂಕ ತಗೊಳ್ಳುತ್ತಾರೆ ಎಂದು ಗೊತ್ತಾದ ಕೂಡಲೇ ನನ್ನೊಳಗಿನ ಲಾರಿ ಡ್ರೈವರ್ ಎದ್ದು ಕೂತ. ಫ್ಯಾಕ್ಟರಿಯ ಸೇಫ್ಟಿ ಶೂ ಹಾಕಿಕೊಂಡು, ಜೇಬಿಗೆ ಬೀಗದ ಕೈ ಗೊಂಚಲು ಇಳಿಬಿಟ್ಟು, ಒಂದೂವರೆ ಲೀಟರ್ ನೀರು ಕುಡಿದು ಮಿಶೀನ್ ಹತ್ತಿದೆ. ಮುಂದಿನ ವಾರ ಬರಿಗಾಲಲ್ಲಿ, ಬರೀ ಹೊಟ್ಟೆಯಲ್ಲಿ ನಿಂತೆ. ಮೂರೂವರೆ ಕೆಜಿ ಇಳಿದಿತ್ತು! ಕ್ಲಬ್ಬಿನ ಮೇಡಂ ನನ್ನ ಕೈ ಎತ್ತಿ ಹಿಡಿದು "ನೋಡ್ರಪ್ಪಾ, ಇವರನ್ನ ನೋಡಿ ಕಲೀರಿ" ಅಂದರು. ಅಷ್ಟು ಚಪ್ಪಾಳೆ ನನ್ನ ಮದುವೆಯಲ್ಲೂ ಬಿದ್ದಿರಲಿಲ್ಲ. ಮನೆಗೆ ಬಂದು ಅಕ್ಕನಿಗೂ ಅದೇ ಲೆಕ್ಕ ಒಪ್ಪಿಸಿದೆ. ಹೋದ ವಾರ ಶೂ ಹಾಕಿಕೊಂಡು ಹೋದದ್ದನ್ನು ಕಂಡಿದ್ದ ಅವಳು, ಈಗ ನನ್ನ ಕಾಲಲ್ಲಿದ್ದ ಚಪ್ಪಲಿ ನೋಡಿ ನಕ್ಕಳು. ಖುಷಿಗೆ ನಕ್ಕಳು ಅಂದುಕೊಂಡೆ. ಮೂರನೆಯ ವಾರ ಇಳಿಸುವುದಕ್ಕೆ ಮೈಮೇಲೆ ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಆ ಕ್ಲಬ್ಬು ನನಗೆ ಸರಿಹೋಗುವುದಿಲ್ಲ ಅಂತ ತೀರ್ಮಾನಿಸಿದೆ.

ಆಮೇಲೆ ಫೋನಿನಲ್ಲೇ ನಡೆಯುವ ಒಂದು ಪ್ರೋಗ್ರಾಂ. ಮಹದೇವಪುರದ ಯಾವುದೋ ಗಾಜಿನ ಕಟ್ಟಡದಿಂದ ಒಬ್ಬಳು ಹುಡುಗಿ ದಿನಾ ಫೋನ್ ಮಾಡಿ, ಏನು ತಿಂದಿರಿ ಎಂದು ಕೇಳುವಳು. "ಮುದ್ದೆ" ಅಂದೆ. "ಎಷ್ಟು ಕಪ್ ಸಾರ್?" ಅಂದಳು. "ಕಪ್ಪಲ್ಲಿ ಮುದ್ದೆ ಯಾವನಮ್ಮಾ ತಿಂತಾನೆ?" ಎಂದು ರೇಗಿದೆ. ಪಾಪ, ಅವಳ ಪಟ್ಟಿಯಲ್ಲಿ ಮುದ್ದೆಯೇ ಇರಲಿಲ್ಲ. ಕೊನೆಗೆ ಇಬ್ಬರೂ ರಾಜಿಯಾಗಿ ಅದನ್ನು ಎರಡು ಇಡ್ಲಿ ಅಂತ ಬರೆಸಿಕೊಂಡೆವು. ತಿಂಗಳಿಡೀ ಇಡ್ಲಿ ತಿಂದವನ ತೂಕ ಯಾಕೆ ಏರುತ್ತಿದೆ ಎಂದು ಆ ಹುಡುಗಿ ತಲೆ ಕೆಡಿಸಿಕೊಂಡಳು. ಅದನ್ನೂ ಬಿಟ್ಟೆ. ಕೆರೆ ಏರಿಯ ಮೇಲೆ ನಡೆಯುವವರ ಗುಂಪೊಂದನ್ನು ಸೇರಿದೆ, ಮಂಡಿ ನೋವು ಎಂದು ಅದನ್ನೂ ಬಿಟ್ಟೆ.

ಇದರ ನಡುವೆ ಊಟದ ಉಪದ್ರವ ಬೇರೆ. ನಮ್ಮ ಕಡೆ ಬಸುರಿ ಹೆಂಗಸನ್ನು ಒಬ್ಬೊಬ್ಬರೂ ಮನೆಗೆ ಕರೆದು ಊಟ ಹಾಕುವುದುಂಟು. ಕಿಡ್ನಿ ಕೊಡುವವನೂ ಹಾಗೇ ಅಂತ ನಮ್ಮ ನೆಂಟರು ಅದ್ಯಾವಾಗ ತೀರ್ಮಾನ ಮಾಡಿದರೋ! "ಪುಣ್ಯಾತ್ಮ, ಒಂದು ಹೊತ್ತು ನಮ್ಮನೇಲಿ ಕೈ ತೊಳ್ಕೊಂಡು ಹೋಗಪ್ಪಾ" ಎಂದು ಚಂದಾಪುರದಿಂದ ಆನೇಕಲ್‌ವರೆಗೆ ಕರೆದರು. ಮುದ್ದೆ, ಬಸ್ಸಾರು, ಕೋಳಿ ಸಾರು, ಮೇಲೆ ಪಾಯಸ. ಪುಣ್ಯಾತ್ಮ ಅನ್ನಿಸಿಕೊಂಡಮೇಲೆ ಬೇಡ ಅನ್ನುವುದು ಹೇಗೆ? ನನ್ನ ಹೆಂಡತಿ ಮಾತ್ರ ಆಪರೇಷನ್ ಮಾತು ಬಂದರೆ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆಯುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ತಿನ್ನಿಸಿದವಳು ಅಕ್ಕನೇ. ಅವಳಿಗೆ ಉಪ್ಪಿಲ್ಲ, ಹುಳಿಯಿಲ್ಲ, ಬಾಳೆಹಣ್ಣಿಲ್ಲ, ನೀರು ಕೂಡ ಅಳತೆಯ ಪ್ರಕಾರ. ಆದರೂ ಡಯಾಲಿಸಿಸ್ ಇಲ್ಲದ ದಿನ ಗೋಡೆ ಹಿಡಿದುಕೊಂಡು ಎದ್ದು ನನಗೆ ಅಡುಗೆ ಮಾಡುತ್ತಿದ್ದಳು. ನಾನು ತಿನ್ನುವುದನ್ನು ಕೂತು ನೋಡುತ್ತಿದ್ದಳು. ತಾನು ತಿನ್ನಲಾಗದ್ದನ್ನು ತಮ್ಮನ ಬಾಯಿಂದ ತಿನ್ನುತ್ತಿದ್ದಾಳೆ ಎಂದುಕೊಂಡು ನನಗೆ ಕರುಳು ಚುರುಕ್ ಅನ್ನುತ್ತಿತ್ತು. ಇನ್ನೊಂದು ಹಾಕಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಒಬ್ಬಟ್ಟು ಬಡಿಸಿ ಕೇಳಿದಳು, "ಆ ಚೀಟಿ ಏನಾಯ್ತೋ?"

"ಯಾವ ಚೀಟಿ?"

"ಡಾಕ್ಟ್ರು ಬರ್ಕೊಟ್ಟಿದ್ದು ಕಣೋ. ಆಸ್ಪತ್ರೆನಾಗೇ ನಡೆಸ್ತಾರಲ್ಲ, ತೂಕ ಇಳ್ಸೋದು, ಶನಿವಾರ ಶನಿವಾರ. ನಾನು ಮಲಗ್ತೀನಲ್ಲ, ಅದರ ಪಕ್ಕದ ರೂಮೇಯ. ಆ ಮೇಡಮ್ಮು ವಾರ ವಾರಾನೂ ಕೇಳ್ತಾಳೆ, ನಿನ್ ತಮ್ಮ ಯಾಕಮ್ಮಾ ಬರ್ಲಿಲ್ಲ ಅಂತ."

ಶನಿವಾರ ನನಗೆ ಡ್ಯೂಟಿ ಎಂದೆ. ರಜೆ ಸಿಗುವುದಿಲ್ಲ ಎಂದೆ. ಇದಕ್ಕಿಂತ ಒಳ್ಳೆಯದು ಇದೆಯೇನೋ ಎಂದು ನೋಡುತ್ತಿದ್ದೀನಿ ಎಂದೆ.

"ನಿಂಗೆ ಭಯ ಕಣೋ ಮುನಿರಾಜ," ಅಂದಳು ಅಕ್ಕ. ಬೈಯುವ ದನಿಯಲ್ಲ. "ಸೂಜಿ ಆಕೋರು ಬಂದ್ರೆ ಉಣಸೇಮರ ಅತ್ಕೊಂಡು ಕೂತ್ಕತಿದ್ದೋನು ನೀನು. ನಂಗೊತ್ತಿಲ್ವಾ? ಅದಕ್ಕೇ ಮಾಡ್ ಮಾಡಿ ಆಕ್ತಿರೋದು. ನೀನು ಇಂಗೇ ದಪ್ಪಗಿದ್ರೆ ಯಾರೂ ನಿನ್ನ ಆಡ್ಕಳಕ್ಕಾಗಲ್ಲ. ಪಾಪ, ಅವ್ನು ಕೊಡಕ್ಕೆ ರೆಡಿ ಇದ್ದ, ಡಾಕ್ಟ್ರು ಒಪ್ಲಿಲ್ಲ ಅಂತಾರೆ. ತಿನ್ನು. ಇನ್ನೊಂದು ಆಕ್ತೀನಿ."

ಅಯ್ಯೋ ದೇವರೇ! ನಾನು ಎಂಟು ತಿಂಗಳು ಹತ್ತು ಕೆಜಿಯ ಹಿಂದೆ ಅವಿತುಕೊಂಡಿದ್ದರೆ, ಇವಳು ನಾನು ಸಿಕ್ಕಿಬೀಳದಿರಲಿ ಎಂದು ಅದಕ್ಕೆ ತುಪ್ಪ ಸುರಿಯುತ್ತಿದ್ದಳು. ತಟ್ಟೆ ದೂರ ತಳ್ಳಿ ಎದ್ದೆ ಎಂದು ಬರೆಯಲು ಆಸೆಯೇನೋ ಇದೆ. ತಳ್ಳಲಿಲ್ಲ. ಅಳುತ್ತಾ ತಿಂದೆ, ಅವಳು ಹಾಕಿದ ಇನ್ನೊಂದನ್ನೂ ತಿಂದೆ.

ಶನಿವಾರ ರಜೆ ಹಾಕಿ ಆಸ್ಪತ್ರೆಗೆ ಹೋದೆ. ತೂಕದ ಮೇಡಂ ನನ್ನ ಹೆಸರು ಕೇಳಿ, "ಓ, ನೀವೇನಾ? ಶೂ ಬಿಚ್ಚಿ, ಜೇಬಿನಲ್ಲಿರೋದೆಲ್ಲ ತೆಗೆದಿಡಿ" ಅಂದರು. ಬೀಗದ ಕೈ, ಫೋನು, ಪರ್ಸು, ಕೊನೆಗೆ ಬೆವರಿಗೆ ಮೆತ್ತಗಾಗಿದ್ದ ಆ ಚೀಟಿ. ಮಿಶೀನ್ ನೋಡಿ ಮೇಡಂ ತುಟಿ ಕಚ್ಚಿಕೊಂಡರು. "ಹತ್ತಲ್ಲ ಸಾರ್. ಈಗ ಹದಿನಾಲ್ಕು ಇಳಿಸಬೇಕು."

ಪಕ್ಕದ ರೂಮಿನಲ್ಲಿ ಅಕ್ಕ ಕೈಗೆ ಎರಡು ಪೈಪು ಚುಚ್ಚಿಸಿಕೊಂಡು ಮಲಗಿದ್ದಳು. "ಎಷ್ಟಂತೋ?" ಅಂದಳು. ಹದಿನಾಲ್ಕು ಅಂದೆ. "ಅದ್ರಾಗೆ ನಾಕು ನಂದು ಬಿಡು" ಅಂದಳು.

ಆರು ವಾರವಾಯಿತು. ಮೂರು ಕೆಜಿ ಇಳಿದಿದ್ದೇನೆ, ಶೂ ಬಿಚ್ಚಿ ನಿಂತ ಲೆಕ್ಕ. ಒಂದೊಂದು ಕೆಜಿ ಇಳಿದಾಗಲೂ ಮೇಡಂ ಭೇಷ್ ಅನ್ನುತ್ತಾರೆ, ನನಗೆ ಮಾತ್ರ ಸೂಜಿ ಹಾಕುವವರು ಮನೆ ಹತ್ತಿರ ಬಂದ ಹಾಗಾಗುತ್ತದೆ. ಭಯ ಒಂದು ಗ್ರಾಮೂ ಇಳಿದಿಲ್ಲ. ಮೊನ್ನೆ ಖಾಲಿ ಲಾರಿ ತೂಗಿಸುವಾಗ ಡ್ರೈವರ್ ಒಬ್ಬ ಎಂದಿನಂತೆ ಟೀಗೆ ಇಳಿದು ಹೋಗುತ್ತಿದ್ದ. ಕಿರುಚಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಕಿರುಚಲಿ? "ಅಣ್ಣಾ, ಬನ್ನಿ, ಸೀಟಲ್ಲಿ ಕೂತ್ಕೊಳ್ಳಿ. ಕೊನೆಗೆ ಹೇಗಿದ್ರೂ ಗೊತ್ತಾಗುತ್ತೆ" ಅಂದೆ.