ಕಂಪ್ಯೂಟರಿನ ಬೆನ್ನಿಗೆ ಬಿದ್ದ ಹುಳುಗಳು

"ಎರಡು ದಿನ ಯಾಕ್ ಸಾರ್, ಎರಡು ವರ್ಷ ಬೇಕಾದ್ರೂ ನಿಲ್ಲದಂಗೆ ಓಡಿಸ್ತೀನಿ!" ಎಂದು ಹುತ್ತೂರು ರೇಷ್ಮೆ ಬೆಳೆಗಾರರ ಸಂಘದ ಗುಮಾಸ್ತ ಕೋದಂಡರಾಮಪ್ಪ ಅಧ್ಯಕ್ಷರ ಮುಂದೆ ಎದೆ ತಟ್ಟಿಕೊಂಡ.

ಎಂಬತ್ತೆಂಟನೇ ಇಸವಿ. ಸಂಘಕ್ಕೆ ಹೊಸ ಕಂಪ್ಯೂಟರ್ ಬಂದಿತ್ತು. ಶನಿವಾರದಿಂದ ಸೋಮವಾರದವರೆಗೆ ಬಿಡುವಿಲ್ಲದೆ ಓಡಿಸಿ ತಾಕತ್ತು ನೋಡಿ, ನಡುವೆ ನಿಂತರೆ ವಾಪಸ್ ಕಳಿಸಿ ಎಂದು ಕಂಪನಿಯವರೇ ಹೇಳಿದ್ದರು. ಕಚೇರಿಗೆ ಇನ್ನೂ ವೈರಿಂಗ್ ಆಗಿರಲಿಲ್ಲ. ಹಾಗಾಗಿ ಯಂತ್ರ ಕೋದಂಡರಾಮಪ್ಪನ ಮನೆ ಸೇರಿತು. ಅದು ಗೆದ್ದರೆ ಅವನು ಖಾಯಂ ಆಪರೇಟರ್. ಸೋತರೆ ಯಂತ್ರದ ಜೊತೆ ಅವನ ಭಾಗ್ಯವೂ ವಾಪಸ್!

ಪರದೆಯ ಮೇಲೆ ಅಂಕಿಗಳು ಓಡತೊಡಗಿದವು. ಸ್ಟೆಬಿಲೈಸರ್ 'ಟಕ್' ಎಂದಾಗಲೆಲ್ಲ ಅವನು ಓಡಿಬಂದು ಪರದೆ ನೋಡುತ್ತಿದ್ದ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಭಾನುವಾರ ಸ್ನಾನ ಮುಗಿಸಿ ಬಂದು ನೋಡುತ್ತಾನೆ, ಕಿಟಕಿಗಳೆಲ್ಲ ಭದ್ರ! ಕಂಪ್ಯೂಟರಿನ ಬೆನ್ನಿಗೆ ಒತ್ತಿಕೊಂಡು ರೇಷ್ಮೆಹುಳುವಿನ ತಟ್ಟೆಗಳು ಒಂದರ ಮೇಲೊಂದು ಕೂತಿವೆ!

"ಏನೇ ಇದು ಗಂಗರತ್ನ! ಗಾಳಿಯಾಡ್ದೆ ಮೆಷಿನ್ ಸುಟ್ಟೋಗುತ್ತೆ ಕಣೇ! ತೆಗಿ, ತೆಗಿ!"

"ಮುಟ್ಟೀರಾ ಜೋಕೆ!" ಹೆಂಡತಿ ಅಡ್ಡ ನಿಂತಳು. "ಹುಳ ಈಗಷ್ಟೇ ಪೊರೆ ಬಿಡೋ ಜ್ವರಕ್ಕೆ ಕೂತವೆ. ಇನ್ನು ಅಲ್ಲಾಡಿಸಿದ್ರೆ ಬೆಳೆ ಹೋದಂಗೇ. ಈ ಚಳೀಲಿ ಇದ್ದಿಲು ಎಲ್ಲಿಂದ ತರ್ಲಿ? ನಿಮ್ ಪೆಟ್ಟಿಗೆ ಹಿಂದೆ ಬೆಚ್ಚಗೆ ಗಾಳಿ ಬರ್ತೈತೆ, ಹೊಗೇನೂ ಇಲ್ಲ!"

ಹುಳುವನ್ನು ಕದಲಿಸುವಂತಿಲ್ಲ, ಕಂಪ್ಯೂಟರನ್ನು ಆರಿಸುವಂತಿಲ್ಲ. ಕೋದಂಡರಾಮಪ್ಪ ಬೀಸಣಿಗೆ ಹಿಡಿದು ಯಂತ್ರಕ್ಕೆ ಚಾಮರ ಸೇವೆ ಶುರು ಮಾಡಿದ.

"ಬೀಸ್ಬೇಡಿ, ಹುಳಕ್ಕೆ ಥಂಡಿ ಆಗುತ್ತೆ!"

"ಬೀಸ್ದಿದ್ರೆ ನನ್ ಕೆಲ್ಸ ಹೋಗುತ್ತೆ!"

"ನಿಮ್ ಕೆಲ್ಸ ಬಂದಾಗ ಬರ್ಲಿ, ಬೆಳೆ ಈ ತಿಂಗ್ಳೇ ಬರ್ಬೇಕು!"

ಪೆಟ್ಟಿಗೆ ಮುಟ್ಟಿದರೆ ಕಾದ ಹೆಂಚು! ಅವನಿಗೆ ನಿಜವಾಗಿಯೂ ಅಳು ಬಂತು. ಬೀಸಣಿಗೆ ಕಿತ್ತುಕೊಂಡು ಹೋದ ಹೆಂಡತಿಯ ಬೆನ್ನನ್ನೇ ನೋಡುತ್ತ, ಬಾಯಿಯಿಂದ ಉಫ್ ಉಫ್ ಎಂದು ಊದುತ್ತ ಕೂತ.

ಸೋಮವಾರ ಬೆಳಿಗ್ಗೆ ಅಧ್ಯಕ್ಷ ಸುಬ್ಬರಾಯಪ್ಪ ಗಾಡಿ ಹೂಡಿಸಿಕೊಂಡು ಬಂದರು. ಅಂಕಿಗಳು ಇನ್ನೂ ಓಡುತ್ತಿದ್ದವು! ಅಧ್ಯಕ್ಷರು ಪರದೆಯತ್ತ ಕಣ್ಣೆತ್ತಿಯೂ ನೋಡದೆ ತಟ್ಟೆಗೆ ಬಗ್ಗಿದರು. ಹುಳುಗಳೆಲ್ಲ ಜ್ವರ ಬಿಟ್ಟು ಒಂದೇ ಸಮ ಎದ್ದು, ತಲೆಯಾಡಿಸುತ್ತ ಸೊಪ್ಪು ಹುಡುಕುತ್ತಿದ್ದವು. ಆಮೇಲೆ ಅವರು ಕಂಪ್ಯೂಟರಿನ ಬೆನ್ನಿಗೆ ಅಂಗೈಯಿಟ್ಟು ಸುಮಾರು ಹೊತ್ತು ನಿಂತರು.

"ಭೇಷ್ ಕಣೋ ಕೋದಂಡ! ಮೆಷಿನ್ ಪಾಸು, ನಿನ್ ಕೆಲ್ಸಾನೂ ಖಾಯಂ!"

ಕೋದಂಡರಾಮಪ್ಪನ ಕಣ್ಣು ತುಂಬಿತು. "ಹಂಗಾದ್ರೆ ಆಫೀಸ್ಗೆ ಸಾಗಿಸ್ಲಾ ಸಾರ್?"

"ಆಫೀಸ್ಗಾ? ನಮ್ಮನೇಗೆ ಸಾಗ್ಸೋ! ನಮ್ ಹುಳ ಇವತ್ತು ಜ್ವರಕ್ಕೆ ಕೂರ್ತವೆ. ಆಮೇಲೆ ಡೈರೆಕ್ಟ್ರುಗಳ ಮನೆ. ಗಾಡಿ ಹತ್ತು ನೀನೂ, ಉರಿ ಆರ್ದಂಗೆ ನೋಡ್ಕೊಳ್ಳೋಕೆ ಜನ ಬೇಕಲ್ಲ!"