ಬೊಂಬಾಯಿ ಬಸ್ಸು ಹೊರಡುವ ಮೊದಲು

ಮರ್ಯಾದಸ್ಥರ ಊರಲ್ಲಿ ಏಡ್ಸ್ ಪ್ರಚಾರಕ್ಕೆ ಹೊರಟವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ, ಉಡುಪಿಯಲ್ಲಿ ಆರೋಗ್ಯ ಶಿಕ್ಷಕನಾಗಿದ್ದ ನನ್ನ ತಲೆಗೆ ಆ ಕೆಲಸ ಬಿತ್ತು. ನನ್ನ ಬಾಡಿಗೆ ಕೋಣೆ ಪರ್ಕಳದಲ್ಲಿ. ಮನೆಯೊಡತಿಯ ಹಿರಿಮಗ ಬೊಂಬಾಯಿಯಿಂದ ಸೊರಗಿ ಬಂದು ಮಲಗಿದ್ದ. ಕೇಳಿದರೆ ಜ್ವರ ಎನ್ನುತ್ತಿದ್ದರು. ಕಿರಿಯವನು ಅಲ್ಲಿಯ ಹೋಟೆಲ್ ಕೆಲಸಕ್ಕೇ ಹೊರಟು ನಿಂತಿದ್ದ. ಅವನು ಬಸ್ಸು ಹತ್ತುವ ಮೊದಲು ವಿಷಯ ಅವನ ಕಿವಿಗೆ ಬೀಳಬೇಕೆಂದು ನನಗೆ ಚಡಪಡಿಕೆ. ಅವನ ತಾಯಿಯ ಎದುರು ಅಂಥ ಮಾತು ಎತ್ತುವುದು ಹೇಗೆ? ಪತ್ರಿಕೆ, ಟಾಕೀಸು, ಮೈಕು ಉಂಟಲ್ಲ, ಅವೇ ಹೇಳಲಿ ಎಂದುಕೊಂಡೆ.

ಪತ್ರಿಕೆ

ಉಡುಪಿಯ ಒಂದು ಸಣ್ಣ ವಾರಪತ್ರಿಕೆಗೆ ಲೇಖನ ಕೊಟ್ಟೆ. "ಒಳ್ಳೆದುಂಟು. ಆದರೆ ನಮ್ಮ ಪೇಪರು ಮನೆಮಂದಿಯೆಲ್ಲ ಓದುವುದು, ಅಲ್ವಾ?" ಎಂದ ಸಂಪಾದಕರು ಕೆಂಪು ಪೆನ್ನು ತೆಗೆದರು. ಕೊನೆಗೆ ಅಚ್ಚಾದದ್ದು ಇಷ್ಟು: "ಯುವಕರು ಅಂಥ ಜಾಗಗಳಿಗೆ ಹೋಗಬಾರದು. ಹೋದರೆ ಅದನ್ನು ಬಳಸಬೇಕು. ಇಲ್ಲದಿದ್ದರೆ ಅದು ಬರುತ್ತದೆ."

ಹುಡುಗ ಓದಿ ಕೇಳಿದ, "ಹಾವಿನ ವಿಷಯವಾ ಸಾರ್? ಟಾರ್ಚು ನನ್ನ ಹತ್ತಿರ ಉಂಟು."

ಟಾಕೀಸು

ಕಾರ್ಕಳದ ಒಂದು ಟಾಕೀಸಿಗೆ ಪರದೆಯ ಮೇಲೆ ತೋರಿಸಲು ಏಡ್ಸಿನ ಸ್ಲೈಡು ಕೊಟ್ಟು, ಹುಡುಗನನ್ನು ನಾನೇ ಸಿನೆಮಾಕ್ಕೆ ಕರೆದೊಯ್ದೆ. ಇಂಟರ್‌ವಲ್ ಆದದ್ದೇ ತಡ, ಗಂಡಸರೆಲ್ಲ ಬೀಡಿ, ಸೋಡಾ ಎಂದು ಹೊರಗೆ. ಇವನೂ ಹೊರಗೆ. ಸ್ಲೈಡು ಬಿದ್ದದ್ದು ಆಗಲೇ. ಒಳಗೆ ಉಳಿದವರು ಹೆಂಗಸರು, ಮಕ್ಕಳು ಮತ್ತು ನಾನು.

ಮ್ಯಾನೇಜರರನ್ನು ತರಾಟೆಗೆ ತೆಗೆದುಕೊಂಡೆ. "ಗಂಡಸರು ಇರುವಾಗ ಹಾಕಿದರೆ ಸಿಳ್ಳೆ ಹೊಡೀತಾರೆ ಮಾರಾಯ್ರೆ. ನಮ್ಮದು ಮರ್ಯಾದೆಯ ಟಾಕೀಸು" ಎಂದರು.

ಮೈಕು

ಕಾಪುವಿನಲ್ಲಿ ಯುವಕರಿಗೆಂದು ಸಭೆ ಇಟ್ಟೆವು. ಕಾರಿಗೆ ಮೈಕು ಕಟ್ಟಿ ಕೂಗುವವನಿಗೆ ನಾಟಕಗಳ ಪ್ರಚಾರ ಸಾರಿ ಸಾರಿ ಅದೇ ಧಾಟಿ ಬಾಯಿಪಾಠ. "ಮಾರಕ ರೋಗ ಏಡ್ಸ್! ನಿಮ್ಮೂರಿಗೂ ಬರುತ್ತಿದೆ! ಬಂಧುಮಿತ್ರರೊಡನೆ ಬಂದು ಸಹಕರಿಸಿ! ತಾಯಂದಿರಿಗೆ ಪ್ರತ್ಯೇಕ ಆಸನ ವ್ಯವಸ್ಥೆ ಉಂಟು!"

ಸಂಜೆ ತಾಯಂದಿರೇ ಬಂದು ಕೂತರು. ಯುವಕರು ಪಕ್ಕದ ಮೈದಾನದಲ್ಲಿ ವಾಲಿಬಾಲ್ ಆಡುತ್ತಿದ್ದರು. ನಾನೇ ಕರೆತಂದಿದ್ದ ನಮ್ಮ ಹುಡುಗನೂ ಅಲ್ಲೇ ಸರ್ವಿಸ್ ಹಾಕುತ್ತಿದ್ದ.

ಬಸ್ಸು

ಕೊನೆಗೂ ಹೊರಡುವ ದಿನ ಬಂತು. ಉಡುಪಿಯಲ್ಲಿ ಬೊಂಬಾಯಿ ಬಸ್ಸಿನ ಕಿಟಕಿಗೆ ಬಾಯಿಟ್ಟು ಹುಡುಗನಿಗೆ ಪಿಸುಗುಟ್ಟತೊಡಗಿದೆ. ಪಕ್ಕದಲ್ಲಿ ತಾಯಿ ಇದ್ದರು. ಅವರತ್ತ ನೋಡಿ ಅರ್ಧಕ್ಕೇ ನಿಲ್ಲಿಸಿದೆ.

"ಜೋರಾಗಿ ಹೇಳಿ ಸಾರ್" ಎಂದರು ಆಕೆ. "ಇವನ ಅಣ್ಣನಿಗೆ ಬಂದದ್ದು ಅದೇ. ಆಗ ಹೇಳುವವರು ಯಾರೂ ಇರಲಿಲ್ಲ."

ಒಂದೇ ಜಗಲಿಯಲ್ಲಿ ಕೂತು ಅವರು ನನ್ನಿಂದ, ನಾನು ಅವರಿಂದ ಅದೇ ಮಾತನ್ನು ಮುಚ್ಚಿಟ್ಟಿದ್ದೆವು. ಬಸ್ಸು ಹತ್ತಿ, ನಿರೋಧ್ ಎಂಬ ಶಬ್ದವನ್ನೂ ಬಿಡದೆ ಎಲ್ಲ ಹೇಳಿದೆ. ಊರೂರು ತಿರುಗಿ ನಾನು ಹುಡುಕಿದ ಯುವಕರು ಅಲ್ಲಿ ಸಾಲಾಗಿ ಕೂತಿದ್ದರು. ಯಾರೂ ನಗಲಿಲ್ಲ. ಹಿಂದಿನ ಸೀಟಿನವರು ಕೇಳಿಸಲಿಲ್ಲ ಎಂದರು, ಇನ್ನೊಮ್ಮೆ ಹೇಳಿದೆ.

ಇಳಿಯುವಾಗ ಕಂಡಕ್ಟರ್ ಮರುಕದಿಂದ ಹೇಳಿದ, "ನಿನ್ನೆಯೇ ಬರಬೇಕಿತ್ತು ಸಾರ್ ನೀವು. ಇವತ್ತು ಎರಡು ಸೀಟು ಖಾಲಿ. ನಿನ್ನೆ ಬಸ್ಸು ಫುಲ್ ಇತ್ತು."