ಬೇಲೂರಜ್ಜಿಯ ದೊಡ್ಡ ಕೂಸುಗಳು

ತನ್ಮಯಾ, ಇಂಚರಾ, ಇಬ್ಬರೂ ಒಂದು ಕಡೆ ಕೂತು ಇದನ್ನು ಓದಿ. ದೊಡ್ಡವನು ಓದಲಿ, ಚಿಕ್ಕವಳು ಕೇಳಲಿ. ಮಧ್ಯೆ ನಗಬಾರದು. ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, "ಅಜ್ಜೀ, ನೀನು ಬಿಯರ್ ಮಾಡ್ತೀಯಂತೆ, ಹೌದಾ?" ಅಂತ? ಹಿಂದಿನಿಂದ ನಿಮ್ಮಮ್ಮ ಕಿಸಕ್ಕನೆ ನಕ್ಕಿದ್ದೂ ನನಗೆ ಕೇಳಿಸಿತು. ನಾನು ಫೋನು ಇಟ್ಟುಬಿಟ್ಟೆ. ನನ್ನ ಸ್ವಭಾವ ನಿಮಗೆ ಗೊತ್ತು. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಹಾಜರಿ ಕೂಗಿದಾಗ 'ಬಂದಿದ್ದೀನಿ ಸಾರ್' ಎನ್ನಲು ನಾಚಿಕೊಂಡು, ಎದುರಿಗೇ ಕೂತಿದ್ದರೂ ಗೈರುಹಾಜರಿ ಹಾಕಿಸಿಕೊಂಡವಳು. ಇಂಥವಳು ಎದುರು ನಿಂತು ಬಯ್ಯುವುದುಂಟೇ? ಅದಕ್ಕೇ ಬರೆದು ಬಯ್ಯುತ್ತಿದ್ದೇನೆ. ನಿಮ್ಮನ್ನಲ್ಲ, ಆ ನಿಮ್ಮ ಬೇಲೂರಜ್ಜಿಯನ್ನು!

ತಾನು ಒಂದು ತೊಟ್ಟೂ ಬಾಯಿಗೆ ಹಾಕದೆ ಇಡೀ ಬೇಲೂರಿಗೆ ಕುಡಿಸುತ್ತಿರುವ ಹೆಂಗಸು ಈ ಭೂಮಿಯ ಮೇಲೆ ಅವಳೊಬ್ಬಳೇ. ನಿಮ್ಮ ತಾತನ ಒಬ್ಬಳೇ ತಂಗಿ, ನನ್ನ ನಾದಿನಿ. ಅವಳ ಗಂಡನಿಗೆ ಬೇಲೂರಿನಲ್ಲಿ ಬ್ರಾಂದಿ ಅಂಗಡಿಯಿತ್ತು. ಅವರು ತೀರಿಕೊಂಡ ಮೇಲೆ ಲೈಸೆನ್ಸು ಇವಳ ಹೆಸರಿಗೆ ಬಂತು. ನೆಂಟರೆಲ್ಲ ಸೇರಿ ಮಾರಿಬಿಡು ಎಂದರು. ಇವಳೇನು ಮಾಡಿದಳು? ಅಂಗಡಿ ಮುಂದೆ ನೀರು ಹಾಕಿ, ಬಾಗಿಲ ಅಗಲಕ್ಕೂ ರಂಗೋಲಿ ಬಿಟ್ಟು, ಹಣೆಗೆ ವಿಭೂತಿ ಎಳೆದುಕೊಂಡು ಗಲ್ಲಾದ ಹಿಂದೆ ಕೂತಳು! ಬಂದ ಗಿರಾಕಿಗಳಿಗೆ ದಿಕ್ಕೇ ತೋಚಲಿಲ್ಲವಂತೆ. ರಂಗೋಲಿ ತುಳಿದುಕೊಂಡು ಹೋಗಿ ಬ್ರಾಂದಿ ಕೇಳುವುದು ಹೇಗೆ? ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ಅರ್ಧಕ್ಕರ್ಧ ಜನ ಎದುರಂಗಡಿಗೆ ಹೊರಟುಹೋದರು.

"ಹೋಗ್ಲಿ ಬಿಡತ್ಗೆ," ಎಂದಳು ನನಗೆ. "ಉಳ್ಕಂಡೋರು ಮರ್ಯಾದಸ್ತರು ಅಂತ ಗೊತ್ತಾಯ್ತಲ್ಲ!"

ಆ ಮರ್ಯಾದಸ್ತರ ಪಾಡಾದರೂ ಏನು? ಒಂದು ದಿನ ನಾನು ಅಂಗಡಿಯ ಒಳಕೋಣೆಯಲ್ಲಿ ಕೂತಿದ್ದಾಗ ಕಿವಿಯಾರೆ ಕೇಳಿದ್ದೇನೆ.

"ಅಮ್ಮೋರೇ, ಒಂದು ಸ್ಟ್ರಾಂಗ್ ಕೊಡಿ."

"ನಿನ್ನೆ ಹೆಂಡ್ತೀಗೆ ಜ್ವರ ಅಂದಿದ್ದೆ?"

"ಇವತ್ತು ಬಿಟ್ಟೈತೆ ಅಮ್ಮೋರೇ."

"ಹೌದಾ? ಅವಳನ್ನೇ ಕೇಳ್ತೀನಿ, ಫೋನ್ ಮಾಡು."

ಅವನು ಬಂದ ದಾರಿಯಲ್ಲೇ ಓಡಿದ. ಹೀಗೆ ವ್ಯಾಪಾರ ಮಾಡಿ ಉದ್ಧಾರವಾದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಇಷ್ಟು ಸಾಲದು ಎಂಬಂತೆ ಹಳೇಬೀಡು ರಸ್ತೆಯಲ್ಲಿ ಬಿಯರ್ ಮನೆ ಬಂತು. ಅರೇಹಳ್ಳಿ ಕಡೆಯ ಒಬ್ಬಾತ ಎಲ್ಲೋ ಕೆಲಸ ಕಲಿತು ಬಂದು ಶುರು ಮಾಡಿದ್ದು. ರಾಗಿ ಬಿಯರನ್ನು ಅಲ್ಲೇ ಕಾಯಿಸಿ, ಅಲ್ಲೇ ಹುಳಿ ಬರಿಸಿ, ಅಲ್ಲೇ ನಲ್ಲಿ ತಿರುಗಿಸಿ ಗ್ಲಾಸಿಗೆ ಬಿಡುತ್ತಾನೆ. ಓದಿದವರು ಅದನ್ನು ಟ್ಯಾಪ್‌ರೂಮ್ ಎನ್ನುತ್ತಾರಂತೆ. ಸ್ವಲ್ಪ ಬಾಟಲಿಗೂ ತುಂಬುತ್ತಾನೆ. ಆ ಬಾಟಲಿ ನೇರವಾಗಿ ಅಂಗಡಿಗೆ ಬರುವಂತಿಲ್ಲ, ಹಾಸನದ ಸರಕಾರಿ ಡಿಪೋಗೆ ಹೋಗಿ ಸುಂಕದ ಚೀಟಿ ಅಂಟಿಸಿಕೊಂಡು ಬರಬೇಕಂತೆ. ಕೂಗಿದರೆ ಕೇಳುವಷ್ಟು ದೂರದ ರಾಗಿ ಹಾಸನವನ್ನೆಲ್ಲ ಸುತ್ತಿ ನೋಡಿಕೊಂಡು ಬೇಲೂರಿಗೆ ಬರುತ್ತದೆ!

ಹೆಸರಿಲ್ಲದ ಮಾಲು ಎಂದು ಯಾವ ಅಂಗಡಿಯವರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಬೇಲೂರಜ್ಜಿ ಮಾತ್ರ ಒಂದು ಪ್ರಶ್ನೆ ಕೇಳಿದಳು.

"ರಾಗಿ ಯಾರ ಹೊಲದ್ದು?"

"ಇಲ್ಲೇ ಸುತ್ತಮುತ್ತಲಿಂದೇ ಅಮ್ಮ. ಗೆಂಡೆಹಳ್ಳಿ ಕಡೇದೂ ಐತೆ."

"ಹಂಗಾದ್ರೆ ಮುಂದ್ಗಡೆ ಸಾಲಲ್ಲಿ ಇಡು."

ಅಲ್ಲಿಂದ ಶುರುವಾಯಿತು ಅವಳ ಹುಚ್ಚು. ದೊಡ್ಡ ಕಂಪನಿಯ ಏಜೆಂಟ್ ಒಬ್ಬ ಬಂದು, ನಮ್ಮ ಬಿಯರನ್ನು ಎದುರಿಗೆ ಇಟ್ಟರೆ ಗಾಜಿನ ಬಾಗಿಲಿನ ಫ್ರಿಜ್ಜು ಬಿಟ್ಟಿ ಕೊಡುತ್ತೇವೆ ಎಂದ. ಇವಳು ದೊಡ್ಡದಾಗಿ ತಲೆಯಾಡಿಸಿದಳು. ಫ್ರಿಜ್ಜು ಬಂತು. ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದಳು. ತಿಂಗಳಾದ ಮೇಲೆ ಅವನು ಬಂದು ನೋಡುತ್ತಾನೆ, ಫ್ರಿಜ್ಜಿನ ತುಂಬ ರಾಗಿ ಬಿಯರು, ಅವನ ಬಾಟಲಿಗಳೆಲ್ಲ ಬೆಂಚಿನ ಕೆಳಗೆ ಸೆಕೆಯಲ್ಲಿ ಬೇಯುತ್ತಿವೆ!

"ಅಮ್ಮಾ, ಇದು ನಮ್ ಫ್ರಿಜ್ಜು!"

"ನಿಮ್ದೇ ಕಣಪ್ಪ, ಯಾರು ಇಲ್ಲ ಅಂದ್ರು? ನಿಮ್ಮ ಬಾಟ್ಲೀನೂ ಎದುರಿಗೇ ಐತೆ, ಬಗ್ಗಿ ನೋಡು. ಕರೆಂಟ್ ಬಿಲ್ ಮಾತ್ರ ನಂದು."

ಗುಡಿ ನೋಡಲು ಬಂದವರು ನೀರಿನ ಬಾಟಲಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೂ ಸಾಕು, ಹಳೇಬೀಡಿಗೆ ಹೋಗುವಾಗ ಬಿಯರ್ ಮನೆಯಲ್ಲಿ ಇಳಿದು ಹೋಗಿ ಎಂದು ದಾರಿ ಹೇಳುತ್ತಾಳೆ. ಅಲ್ಲಿ ಕುಡಿದು ಇಷ್ಟವಾದವರಿಗೆ ಬಿಯರ್ ಮಾಡುವಾತ, ಬಾಟಲಿ ಬೇಕಾದರೆ ಅಮ್ಮೋರ ಅಂಗಡಿ ಎಂದು ವಾಪಸ್ಸು ಕಳಿಸುತ್ತಾನೆ. ಪಾಪದ ಜನ, ಬೇಲೂರಿಗೂ ಹಳೇಬೀಡಿಗೂ ಮಗ್ಗದ ಲಾಳಿಯ ಹಾಗೆ ಓಡಾಡುತ್ತಾರೆ! ಅರಸೀಕೆರೆಯನ್ನೂ ಬಿಡಲಿಲ್ಲ ಮಹಾತಾಯಿ. ಬಸ್ಸು ಹತ್ತಿಕೊಂಡು ಅಲ್ಲಿಯ ಬಾರೊಂದಕ್ಕೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅದರ ಯಜಮಾನನ ಎದುರು ಕುರ್ಚಿ ಎಳೆದುಕೊಂಡು ಕೂತಳಂತೆ.

"ಊರೋರೆಲ್ಲ ಪಾಕೀಟಿನ ಅಡಿಗೆ ಎಣ್ಣೆ ತಗತಾರೆ, ನನ್ ತೋಟದ ತೆಂಗಿನ್ಕಾಯಿ ಕೇಳೋರಿಲ್ಲ ಅಂತ ಬಾಯಿ ಬಡ್ಕತೀಯ. ನಿನ್ ಬಾರಲ್ಲಿ ಪಕ್ಕದೂರ ರಾಗೀಗೆ ಜಾಗ ಐತಾ?"

ಡಿಪೋದಲ್ಲಿ ಈ ಬಿಯರಿಗೂ ಆರ್ಡರ್ ಬರೆಸುತ್ತೇನೆ ಎಂದು ಅವನು ಒಪ್ಪಿಕೊಂಡನಂತೆ. ಬಿಯರಿನ ರುಚಿಗೆ ಒಪ್ಪಿದನೋ, ಇವಳು ಎದ್ದುಹೋದರೆ ಸಾಕು ಎಂದು ಒಪ್ಪಿದನೋ, ದೇವರಿಗೇ ಗೊತ್ತು!

ಇದೆಲ್ಲ ಅವಳ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ನನ್ನನ್ನು ಯಾಕೆ ಎಳೆಯಬೇಕಿತ್ತು?

ನಿಮ್ಮಿಬ್ಬರಿಗೂ ಹಲ್ಲು ಬರುವ ಮೊದಲು ರಾಗಿ ಸರಿ ತಿನ್ನಿಸಿದವಳು ನಾನು. ರಾಗಿ ತೊಳೆದು, ನೆನೆಸಿ, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಮೇಲೆ ಗುಂಡುಕಲ್ಲು ಹೇರಿ ಮೂಲೆಯಲ್ಲಿಟ್ಟರೆ ಬೆಳ್ಳಗೆ ಮೊಳಕೆ ಬರುತ್ತದೆ. ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿದರೆ ಕೂಸುಗಳಿಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ನಮ್ಮೂರಿನ ಬಾಣಂತಿಯರೆಲ್ಲ ನನ್ನ ಕೈಯಿಂದಲೇ ಕಟ್ಟಿಸಿಕೊಳ್ಳುತ್ತಿದ್ದರು. ನಿಮ್ಮ ತಾತ ಹೋದ ಮೇಲೆ ಅದನ್ನೂ ಬಿಟ್ಟಿದ್ದೆ. ಬಾಗಿಲಾಚೆ ಬರುವುದಕ್ಕೇ ಮನಸ್ಸಿರಲಿಲ್ಲ.

ಆಗ ಬಂದಳು ಇವಳು. "ಅತ್ಗೆ, ಬೇಲೂರಲ್ಲಿ ಒಂದು ಕೂಸೈತೆ, ಸ್ವಲ್ಪ ಮೊಳಕೆ ರಾಗಿ ಕಟ್ಟಿಕೊಡು. ಒಣಗಿಸಿದ್ರೆ ಸಾಕು, ಹುರಿಯೋದು ಬೀಸೋದು ಅವ್ರೇ ಮಾಡ್ಕತಾರೆ." ಕೂಸು ಎಂದ ಮೇಲೆ ಇಲ್ಲ ಎನ್ನಲಾಗುತ್ತದೆಯೇ? ಕಟ್ಟಿಕೊಟ್ಟೆ. ಮುಂದಿನ ವಾರ ಒಂದು ಚೀಲ ಕೇಳಿದಳು. ಅದರ ಮುಂದಿನ ವಾರ ಆಟೋ ತಂದಳು!

"ಬೇಲೂರಲ್ಲಿ ಅದೆಷ್ಟು ಕೂಸು ಹುಟ್ತವೆ ಕಣೇ?" ಎಂದು ಕೇಳಿದೆ.

"ದೊಡ್ಡ ದೊಡ್ಡ ಕೂಸುಗಳು ಕಣತ್ಗೆ," ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. "ಚೆನ್ನಾಗಿ ಕುಡಿತವೆ."

ನಾನು ನಂಬಿದೆ! ದೃಷ್ಟಿಯಾಗದಿರಲಿ ಎಂದು ಆ ಕೂಸುಗಳಿಗೆ ಮನಸ್ಸಿನಲ್ಲೇ ಲಟಿಕೆ ಮುರಿದೆ!

ಹೀಗೆಯೇ ಒಂದು ದಿನ ಅವಳು ಬಂದಾಗ ಮೂಲೆಯಲ್ಲಿ ಮೊಳಕೆ ಗಂಟಿತ್ತು. ಮೊಳಕೆ ಬರುವಾಗ ಗಂಟು ಬೆಚ್ಚಗಾಗುತ್ತದೆ. ನಮ್ಮ ಕೆಂಪು ಕೋಳಿ ಆ ಬಿಸಿಗೆ ಮರುಳಾಗಿ, ಗುಂಡುಕಲ್ಲಿನ ಪಕ್ಕ ಜಾಗ ಮಾಡಿಕೊಂಡು, ಗಂಟಿನ ಮೇಲೆ ಕಾವಿಗೆ ಕೂತುಬಿಟ್ಟಿತ್ತು! ಎಬ್ಬಿಸಲು ಹೋದರೆ ರೆಕ್ಕೆ ಅಗಲಿಸಿ, ನನ್ನ ಮರಿಗಳನ್ನು ಮುಟ್ಟಬೇಡ ಎನ್ನುವ ಹಾಗೆ ನನ್ನ ಮೇಲೇ ಬಂತು. ನನಗೆ ಎಲ್ಲಿತ್ತೋ ನಗು, ಅಲ್ಲೇ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣು ಬಿಟ್ಟು ನೋಡಿದರೆ ಇವಳು ಮೊಬೈಲು ಹಿಡಿದು ಫೋಟೋ ತೆಗೆಯುತ್ತಿದ್ದಾಳೆ.

"ಅಳಿಸೇ! ನಿಮ್ಮಣ್ಣ ಹೋಗಿ ವರ್ಷ ಆಗಿಲ್ಲ, ನೋಡಿದೋರು ಏನಂದಾರು?"

"ಅಳಿಸ್ದೆ ಕಣತ್ಗೆ, ತಗೋ," ಎಂದು ಮೊಬೈಲನ್ನು ಒಳಗಿಟ್ಟುಕೊಂಡಳು.

ಕಳೆದ ತಿಂಗಳು ನಾನು ಬೇಲೂರಿಗೆ ಹೊರಟಿದ್ದೆ. ಕಂಡಕ್ಟರು ಹೆಂಗಸರ ಸೊನ್ನೆ ಟಿಕೆಟ್ ಹರಿದು ಕೊಡುತ್ತಿದ್ದ. ಹಿಂದಿನ ಸೀಟಿನಿಂದ ನಮ್ಮೂರ ದೊಡ್ಡಮನೆ ಯಜಮಾನರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಏನಮ್ಮಾ, ಬಿಯರ್ ಮನೆ ಗೋಡೆ ಮ್ಯಾಲೆ ನಿನ್ ಫೋಟೋ ಹಾಕವ್ರಂತೆ? ಕೆಂಪು ಕೋಳಿ ಪಕ್ಕ ಕೂತ್ಕಂಡು ಹಲ್ ಬಿಟ್ಕಂಡು ನಗ್ತಿದೀಯಂತೆ? ನೀನ್ ಕಟ್ಟೋ ಮೊಳಕೇಲೇ ಬಿಯರ್ ಮಾಡೋದಂತೆ?"

ಇಡೀ ಬಸ್ಸು ತಿರುಗಿ ನೋಡಿತು. ನಾನು ಸೆರಗನ್ನು ಮುಖದವರೆಗೆ ಎಳೆದುಕೊಂಡೆ. ಅವರು ಬಿಡಲಿಲ್ಲ.

"ಯಜಮಾನ ಹೋದ್ಮೇಲೆ ಹೆಣ್ಮಕ್ಳು ಹಂಗೆಲ್ಲ ನಗಬಾರ್ದಮ್ಮ. ಮನೆತನಕ್ಕೆ ಒಳ್ಳೇದಲ್ಲ."

ಗಂಡಸರು ಕುಡಿದು ಬಸ್‌ಸ್ಟ್ಯಾಂಡಿನಲ್ಲಿ ಉರುಳಿದರೆ ಪಾಪ ಬಿಸಿಲಿಗೆ ತಲೆ ಸುತ್ತಿರಬೇಕು ಎನ್ನುತ್ತದೆ ಈ ಊರು. ನಾನು ಕೋಳಿ ನೋಡಿ ನಕ್ಕರೆ ಮನೆತನಕ್ಕೆ ಕುಂದು! ಆದರೂ ನನ್ನ ಮಾನ ಹೋಗಿದ್ದು ಹೋಯಿತಲ್ಲ. ಆ ಫೋಟೋವನ್ನು ಕಿತ್ತು ತರದೆ ಊರಿಗೆ ಕಾಲಿಡುವುದಿಲ್ಲ ಎಂದುಕೊಂಡೆ. ಬಸ್ಸಿಳಿದು ನೇರ ಅವಳ ಅಂಗಡಿಗೆ ನುಗ್ಗಿದೆ. ಗಿರಾಕಿಗಳು ದಾರಿ ಬಿಟ್ಟರು.

"ಫೋಟೋ ತೆಗೆಸು!"

"ಬಾ ಅತ್ಗೆ, ಕೂತ್ಕೋ. ಕಾಫಿ ತರಿಸ್ತೀನಿ."

"ಬ್ರಾಂದಿ ಅಂಗಡೀಲಿ ನಾನು ಕಾಫಿ ಕುಡಿಯಲ್ಲ!"

"ಮತ್ತೇನು, ಬ್ರಾಂದಿ ಕೊಡ್ಲಾ?"

"ಕೂಸುಗಳು ಅಂತ ಸುಳ್ಳು ಹೇಳಿದೆಯಲ್ಲೇ!"

"ಯಾವ್ದು ಸುಳ್ಳು? ಕುಡಿದ್ಮೇಲೆ ಬಂದು ನೋಡು. ಅಳ್ತವೆ, ತೊದಲ್ತವೆ, ಕೈ ಹಿಡ್ಕಂಡು ಮನೆ ಸೇರಿಸ್ಬೇಕು. ಕೂಸುಗಳಲ್ದೆ ಇನ್ನೇನು?"

ಗಿರಾಕಿಗಳು ನಕ್ಕರು. ನನಗೆ ಅಳು ಬಂತು. ಅದನ್ನು ಕಂಡು ಅವಳು ಗಲ್ಲಾ ಬಿಟ್ಟು ಎದ್ದಳು. ಕೆಲಸದವನನ್ನು ಗಲ್ಲಾಕ್ಕೆ ಕೂರಿಸಿ ಆಟೋ ಕರೆದಳು. ದಾರಿಯಲ್ಲಿ ಬಸ್ಸಿನ ಮಾತನ್ನೆಲ್ಲ ಹೇಳಿದೆ. ಅವಳು ಏನೂ ಹೇಳಲಿಲ್ಲ. ಅವಳು ಸುಮ್ಮನಿದ್ದಾಳೆಂದರೆ ಭಯಪಡಬೇಕು.

ಬಿಯರ್ ಮನೆಯ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ಒಳಗೆ ಕತ್ತಲೆ, ಕೆಟ್ಟ ಹಾಡು, ಕೆಟ್ಟ ಜನ ಇರುತ್ತಾರೆ ಎಂದುಕೊಂಡಿದ್ದೆ. ನೋಡಿದರೆ ಹಾಲಿನ ಡೈರಿಯ ಹಾಗೆ ಥಳಥಳಿಸುವ ಸ್ಟೀಲಿನ ಹಂಡೆಗಳು, ಊಟ ಮಾಡುತ್ತಿರುವ ಸಂಸಾರಗಳು. ಮೂಗಿಗೆ ಬಡಿದ ವಾಸನೆಯಂತೂ ನನ್ನದೇ, ಮೊಳಕೆ ಗಂಟು ಬಿಚ್ಚಿದಾಗ ಬರುವ ವಾಸನೆ! ಎದುರು ಗೋಡೆಯ ಮೇಲೆ ಕಿಟಕಿಯಷ್ಟು ದೊಡ್ಡದಾಗಿ ನಾನು ಮತ್ತು ಕೋಳಿ. ಸರಿಯಾಗಿ ನಮ್ಮಿಬ್ಬರ ಕೆಳಗಿನ ಟೇಬಲಿನಲ್ಲಿ ಯಾರು ಕೂತಿದ್ದರು ಹೇಳಿ?

ದೊಡ್ಡಮನೆ ಯಜಮಾನರು! ಕೈಯಲ್ಲಿ ನೊರೆ ತುಂಬಿದ ಗ್ಲಾಸು!

ನನಗೆ ಆಗ ಹೊಳೆಯಿತು, ಕೋಳಿ ಕೆಂಪು ಎಂದು ಅವರಿಗೆ ಹೇಗೆ ಗೊತ್ತಾಗಿತ್ತು ಎಂಬುದು. ಅವರು ಟವೆಲನ್ನು ಮೂಗಿನವರೆಗೆ ಎಳೆದುಕೊಂಡರು.

"ಯಜಮಾನ್ರೇ," ಎಂದಳು ಬೇಲೂರಜ್ಜಿ, ಹಂಡೆಗಳಿಗೂ ಕೇಳಿಸುವ ಹಾಗೆ. "ನಮ್ಮತ್ಗೆ ನಗೋದು ನೋಡ್ಕಂಡು ಕುಡಿಬ್ಯಾಡಿ, ಮನೆತನಕ್ಕೆ ಒಳ್ಳೇದಲ್ಲ. ಆ ಕಡೆ ತಿರುಗಿ ಕೂತ್ಕಳಿ."

ಪಾಪ, ಗ್ಲಾಸಿನ ಸಮೇತ ತಿರುಗಿ ಕೂತರು!

ಬಿಯರ್ ಮಾಡುವಾತ ಓಡಿಬಂದು ನನ್ನ ಕಾಲು ಮುಟ್ಟಿದ. ಸ್ಟೂಲು ತಾ, ಫೋಟೋ ತೆಗೆಯಬೇಕು ಎಂದೆ. ಅವನ ಮುಖ ಸಣ್ಣಗಾಯಿತು. ಸ್ಟೂಲು ತಂದು ಇಡುತ್ತಾ ಹೇಳಿದ: "ಅಜ್ಜೀ, ಈ ಒಂದು ಬಗೆ ಬಿಯರಿಗೆ ಮಾತ್ರ ನಿಮ್ಮ ಮೊಳಕೆ ಹಾಕೋದು. ಅದಕ್ಕೂ ಮೊಳಕೆ ಬರಿಸೋ ಮೆಷೀನ್ ತಗತೀನಿ ಅಂದಿದ್ದೆ. ಅಮ್ಮೋರು ಬಿಡ್ಲಿಲ್ಲ. ನಮ್ಮತ್ಗೆ ಹತ್ರ ತಗಂಡ್ರೆ ನಿನ್ ಬಾಟ್ಲಿ ಫ್ರಿಜ್ಜಲ್ಲಿ, ಇಲ್ದಿದ್ರೆ ಬೆಂಚಿನ ಕೆಳಗೆ ಅಂದ್ರು."

ನಾನು ಅವಳ ಕಡೆ ನೋಡಿದೆ. ಅವಳು ಕೋಳಿಯನ್ನು ನೋಡುತ್ತಿದ್ದಳು.

ಸ್ಟೂಲು ಹತ್ತಿದೆ. ಅವಳು ಕೆಳಗಿನಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಫ್ರೇಮಿಗೆ ಕೈ ಹಾಕಿದಾಗ ಆ ಮುಖ ನನ್ನ ಮುಖದ ಹತ್ತಿರವೇ ಇತ್ತು. ಯಾರೋ ಬೇರೆ ಹೆಂಗಸು ಎನ್ನಿಸಿತು. ಎಷ್ಟು ಹಗುರವಾಗಿ ನಗುತ್ತಿದ್ದಳು! ಆಗ ಕೆಳಗಿನಿಂದ ಬೇಲೂರಜ್ಜಿಯ ದನಿ ಬಂತು. ಅವಳಿಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

"ಅಣ್ಣ ಹೋದ್ಮೇಲೆ ನೀನು ನಕ್ಕಿದ್ದು ಅವತ್ತೊಂದೇ ದಿನ ಕಣತ್ಗೆ. ಮನೇಲಿ ಹಾಕಿದ್ರೆ ನೀನು ಹರಿದಾಕ್ತಿದ್ದೆ. ಅದಕ್ಕೇ ನೀನು ಯಾವತ್ತೂ ಕಾಲಿಡದ ಜಾಗ ಹುಡುಕ್ದೆ."

"ಈಗ ಇಟ್ಟಿದ್ದೀನಲ್ಲೇ," ಎಂದೆ.

"ಅದೇ ನಂಗೂ ಆಶ್ಚರ್ಯ," ಎಂದಳು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. ಒರೆಸಿಕೊಳ್ಳಲು ಒಂದು ಕೈ ಬಿಟ್ಟಳು ನೋಡಿ, ಸ್ಟೂಲು ಅಲುಗಾಡಿತು. ನನ್ನನ್ನು ಬೀಳಿಸಿಯೇ ಬಿಡುತ್ತಿದ್ದಳು ಮಹಾತಾಯಿ!

ಫ್ರೇಮು ಒಂದು ಕಡೆಗೆ ಸೊಟ್ಟಗಿತ್ತು. ನೆಟ್ಟಗೆ ಮಾಡಿ ಇಳಿದೆ.

ನನ್ನ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡಿ. ಇನ್ನೂ ಅವಳೊಂದಿಗೆ ನೆಟ್ಟಗೆ ಮಾತಾಡಿಲ್ಲ. ಆಟೋದಲ್ಲಿ ಚೀಲ ಹೇರುವಾಗ, ಹುಷಾರು, ತೇವ ತಾಗಿಸಬೇಡ ಎಂದಿದ್ದೇನೆ, ಅಷ್ಟೇ. ನಿಮ್ಮ ಪ್ರಶ್ನೆಗೆ ಉತ್ತರ ಇದು: ನಾನು ಬಿಯರ್ ಮಾಡುವುದಿಲ್ಲ, ಮೊಳಕೆ ಕಟ್ಟುತ್ತೇನೆ. ಶಾಲೆಯಲ್ಲಿ ಯಾರಾದರೂ ಕೇಳಿದರೆ ತಲೆ ಎತ್ತಿ ಹಾಗೆಯೇ ಹೇಳಿ.

ಈ ಹಾಳೆಗಳನ್ನು ನಿಮ್ಮ ಬೀರುವಿನಲ್ಲಿ, ಬಟ್ಟೆಗಳ ಅಡಿಗೆ ಇಡಿ. ಬೇಲೂರಜ್ಜಿ ನಿಮ್ಮ ಮನೆಗೆ ಬಂದ ದಿನ ಮರೆಯದೆ ಬೀಗ ಹಾಕಿ. ಅವಳ ಕೈಗೆ ಸಿಕ್ಕರೆ ಇದಕ್ಕೂ ಫ್ರೇಮು ಹಾಕಿಸಿ, ಆ ಕೋಳಿಯ ಪಕ್ಕದಲ್ಲೇ ನೇತುಹಾಕುತ್ತಾಳೆ.